ಬಿಂಬ ಮತ್ತು ಅನುಮಾನ: ಪಾರ್ಕಿನ್ಸನ್ ಕಾಯಿಲೆಯ ಅಧ್ಯಯನದಲ್ಲಿ ಮೆದುಳಿನ ಚಿತ್ರಣ

‘ಸ್ಕ್ಯಾನಿಂಗ್ ಮಾಡಿಸಿದೆವು, ಏನೂ ಬಂದಿಲ್ಲ’ ಎಂಬುದು ಈಚಿನ ದಶಕಗಳಲ್ಲಿ ಕನ್ನಡದ ಆಡುಮಾತಿನಲ್ಲಿ ನೆಲೆಯೂರಿರುವ ಒಂದು ವಾಕ್ಯ. ಯಂತ್ರವು ದೇಹದ ಒಳಗನ್ನು ನೋಡುತ್ತದೆ, ಇದ್ದುದನ್ನು ಇದ್ದಂತೆ ತೋರಿಸುತ್ತದೆ, ಅದು ತೋರಿಸದಿರುವುದು ಅಲ್ಲಿ ಇಲ್ಲವೇ ಇಲ್ಲ ಎಂಬ ತಿಳಿವಳಿಕೆ ಈ ವಾಕ್ಯದ ಹಿಂದಿದೆ. ಪಾರ್ಕಿನ್ಸನ್ ಕಾಯಿಲೆಯ ಅಧ್ಯಯನವು ಈ ತಿಳಿವಳಿಕೆಯನ್ನು ಎರಡು ಕಡೆಗಳಿಂದ ಪ್ರಶ್ನಿಸುತ್ತದೆ. ಸುಮ್ಮನೆ ಕುಳಿತಾಗ ಕೈ ನಡುಗುವ, ಹೆಜ್ಜೆ ಕಿರಿದಾಗಿರುವ, ಮುಖಭಾವ ಮಂಕಾಗಿರುವ, ದನಿ ತಗ್ಗಿರುವ, ಬರೆಯುತ್ತ ಹೋದಂತೆ ಸಾಲಿನ ಕೊನೆಯ ಅಕ್ಷರಗಳು ಸಾಸಿವೆಯಷ್ಟಾಗುವ ವ್ಯಕ್ತಿಯ ಮೆದುಳಿನ ಸಾಮಾನ್ಯ ಎಂ.ಆರ್.ಐ. ಚಿತ್ರವು ಬಹುಪಾಲು ಅದೇ ವಯಸ್ಸಿನ ಆರೋಗ್ಯವಂತರ ಚಿತ್ರದಂತೆಯೇ ಇರುತ್ತದೆ. ಕಾಯಿಲೆ ಇದೆ, ಚಿತ್ರದಲ್ಲಿ ಏನೂ ಬಂದಿಲ್ಲ. ಇನ್ನೊಂದು ಕಡೆ, ವಿಶೇಷ ತಂತ್ರಗಳಿಂದ ತೆಗೆದ ಚಿತ್ರದಲ್ಲಿ ‘ಬಂದದ್ದು’ ಏನು ಎಂಬ ಬಗ್ಗೆ ತಜ್ಞರೇ ದಶಕಗಳ ಕಾಲ ಚರ್ಚಿಸಬೇಕಾದ ಸಂದರ್ಭಗಳೂ ಇವೆ. ರೋಗಿ ಸುಧಾರಿಸಿದಾಗ ಚಿತ್ರ ಹದಗೆಟ್ಟಿರುವ, ಚಿತ್ರ ಸುಧಾರಿಸಿದಾಗ ರೋಗಿ ಇದ್ದಲ್ಲೇ ಇರುವ ಉದಾಹರಣೆಗಳು ದಾಖಲಾಗಿವೆ.

ಈ ಸಮಸ್ಯೆಯ ಸ್ವರೂಪವನ್ನು ಗ್ರಹಿಸಲು ನ್ಯಾಯದರ್ಶನದ ಪರಿಭಾಷೆ ನೆರವಾಗುತ್ತದೆ. ಇಂದ್ರಿಯಕ್ಕೆ ನೇರವಾಗಿ ಗೋಚರವಾದುದು ಪ್ರತ್ಯಕ್ಷ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಹೊಗೆಯು ಹೇತು, ಬೆಂಕಿಯು ಸಾಧ್ಯ, ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ನಿಯತ ಸಂಬಂಧವು ವ್ಯಾಪ್ತಿ. ಶಾಸ್ತ್ರದಲ್ಲಿ ನಿಶ್ಚಿತ ಜ್ಞಾನದ ಸಾಧನವಾದ ‘ಅನುಮಾನ’ ಎಂಬ ಶಬ್ದವು ಕನ್ನಡದ ಬಳಕೆಯಲ್ಲಿ ಸಂದೇಹ ಎಂಬ ಅರ್ಥವನ್ನು ಪಡೆದಿರುವುದು ಸರ್ವವಿದಿತ. ಮೆದುಳಿನ ಚಿತ್ರಣದ ವಿಷಯದಲ್ಲಿ ಈ ಎರಡೂ ಅರ್ಥಗಳು ಒಟ್ಟಿಗೆ ಸಲ್ಲುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಕೆಲವು ಪ್ರಯೋಗಗಳ ಹಿನ್ನೆಲೆಯಲ್ಲಿ ವಿವೇಚಿಸಲಾಗಿದೆ.

ಬೀದಿಯಲ್ಲಿ ಕಂಡ ಕಾಯಿಲೆ

ಲಂಡನ್ನಿನ ಹಾಕ್ಸ್‌ಟನ್ ಪ್ರದೇಶದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಜೇಮ್ಸ್ ಪಾರ್ಕಿನ್ಸನ್ ‘ನಡುಗುವ ಲಕ್ವ’ವನ್ನು ಕುರಿತು ತನ್ನ ಪ್ರಬಂಧವನ್ನು ಪ್ರಕಟಿಸಿದ್ದು 1817ರಲ್ಲಿ. ಅದರಲ್ಲಿ ವಿವರಿಸಲಾದವರು ಕೇವಲ ಆರು ಜನ. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ಒಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೆ. ಮುಂದಕ್ಕೆ ಬಾಗಿದ ದೇಹ, ನಡೆಯಲು ಹೋಗಿ ಓಟಕ್ಕೆ ತಿರುಗುವ ಹೆಜ್ಜೆ, ವಿಶ್ರಾಂತಿಯಲ್ಲಿರುವ ಅಂಗದ ನಡುಕ ಇವಿಷ್ಟನ್ನು ಆಧರಿಸಿ ಒಂದು ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿದ ಈ ಪ್ರಬಂಧವು ನಿರೀಕ್ಷಣೆಯ ಶಕ್ತಿಗೆ ಒಳ್ಳೆಯ ನಿದರ್ಶನ. ಕಾಯಿಲೆಯ ಮೂಲವು ಮೆದುಳಿನ ಯಾವ ಭಾಗದಲ್ಲಿದೆ ಎಂಬುದು ಮಾತ್ರ ಆತನಿಗೆ ತಿಳಿಯಲಿಲ್ಲ. ಕತ್ತಿನ ಭಾಗದ ಮೆದುಳುಬಳ್ಳಿಯಲ್ಲಿ ದೋಷವಿರಬೇಕೆಂದು ಊಹಿಸಿದ್ದು ಮುಂದೆ ತಪ್ಪೆಂದು ಸಿದ್ಧವಾಯಿತು. ಮುಂದೆ ಈ ಕಾಯಿಲೆಗೆ ಪಾರ್ಕಿನ್ಸನ್ ಹೆಸರನ್ನಿಟ್ಟವರು ಫ್ರಾನ್ಸಿನ ಜ್ಯಾಂ ಮಾರ್ಟಿನ್ ಶಾರ್ಕೋ. ಎಲ್ಲ ರೋಗಿಗಳಲ್ಲೂ ನಡುಕ ಇರುವುದಿಲ್ಲ, ಇದು ನಿಜವಾದ ಲಕ್ವವೂ ಅಲ್ಲ ಎಂದು ಹಳೆಯ ಹೆಸರಿನ ಎರಡು ಪದಗಳನ್ನೂ ಅವರು ಆಕ್ಷೇಪಿಸಿದ್ದರು. ಕನ್ನಡದಲ್ಲಿ ಬಳಕೆಯಲ್ಲಿರುವ ‘ಕಂಪವಾತ’ ಎಂಬ ಹೆಸರಿಗೂ ಈ ಆಕ್ಷೇಪದ ಅರ್ಧ ಭಾಗ ಅನ್ವಯಿಸುತ್ತದೆ.

ಕಾಯಿಲೆಯ ಸ್ಥಾನವು ಮರಣೋತ್ತರ ಪರೀಕ್ಷೆಯಿಂದ ಗೊತ್ತಾಯಿತು. ಕಾನ್‌ಸ್ಟಂಟಿನ್ ಟ್ರೆಟಿಯಾಕಾಫ್ ಪ್ಯಾರಿಸ್ಸಿನಲ್ಲಿ 1919ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ, ಈ ರೋಗಿಗಳ ನಡುಮೆದುಳಿನ ‘ಸಬ್‌ಸ್ಟಾನ್ಷಿಯಾ ನೈಗ್ರ’ ಎಂಬ ಭಾಗದ ನರಕೋಶಗಳು ನಶಿಸಿರುವುದನ್ನು ತೋರಿಸಿದರು. ಲ್ಯಾಟಿನ್ನಿನ ಈ ಹೆಸರಿಗೆ ‘ಕಪ್ಪು ದ್ರವ್ಯ’ ಎಂದಷ್ಟೇ ಅರ್ಥ. ವಯಸ್ಸಾಗುತ್ತ ಹೋದಂತೆ ಆ ಕೋಶಗಳಲ್ಲಿ ನ್ಯೂರೊಮೆಲನಿನ್ ಎಂಬ ಕಪ್ಪು ವರ್ಣಕವು ಸಂಗ್ರಹಗೊಳ್ಳುವುದರಿಂದ ಈ ಹೆಸರು ಬಂದಿದೆ. ಮೆದುಳನ್ನು ಅಡ್ಡಲಾಗಿ ಸೀಳಿದರೆ ಬರಿಗಣ್ಣಿಗೆ ಕಾಣುವ ಎರಡು ಕಪ್ಪು ಪಟ್ಟಿಗಳು ಪಾರ್ಕಿನ್ಸನ್ ರೋಗಿಗಳಲ್ಲಿ ಬಿಳಿಚಿಕೊಂಡಿರುತ್ತವೆ. ಇದು ನಿಜವಾದ ಅರ್ಥದಲ್ಲಿ ಪ್ರತ್ಯಕ್ಷ. ಆದರೆ ಅದನ್ನು ಕಾಣಬೇಕಾದರೆ ರೋಗಿ ಸತ್ತಿರಬೇಕು.

ಆ ಕಪ್ಪು ಕೋಶಗಳ ಕೆಲಸವೇನು ಎಂಬುದು ತಿಳಿಯಲು ಇನ್ನೂ ನಾಲ್ಕು ದಶಕಗಳು ಬೇಕಾದವು. ಈ ಕಥೆಯಲ್ಲಿ ಭಾರತದ ಎರಡು ಸಸ್ಯಗಳ ಪಾತ್ರವಿದೆ. ಸರ್ಪಗಂಧದ ಬೇರಿನಿಂದ 1952ರಲ್ಲಿ ರೆಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಲಾಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಮುದುಡಿ ಕುಳಿತವು. ಡೋಪ ಎಂಬ ದ್ರವ್ಯವನ್ನು ಚುಚ್ಚಿದಾಗ ಮತ್ತೆ ಚಟುವಟಿಕೆಗೆ ಮರಳಿದವು. 1957ರ ಈ ಪ್ರಯೋಗವು ಡೋಪಮೈನ್ ಎಂಬ ನರವಾಹಕದ ಮಹತ್ತ್ವವನ್ನು ತೋರಿಸಿಕೊಟ್ಟಿತು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಮೊಲವನ್ನು ಎಬ್ಬಿಸಿದ ಡೋಪ ದ್ರವ್ಯದ ಸಹಜ ರೂಪವನ್ನು ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ ದಾಮೋದರನ್ ಮತ್ತು ರಾಮಸ್ವಾಮಿ ಅವರ ಸಂಶೋಧನೆಯು 1937ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಅದರ ಚಿಕಿತ್ಸಾಮೂಲ್ಯ ಆಗ ಯಾರಿಗೂ ಹೊಳೆದಿರಲಿಲ್ಲ. ಕಪ್ಪು ದ್ರವ್ಯದ ಕೋಶಗಳು ತಮ್ಮ ನೀಳವಾದ ತಂತುಗಳನ್ನು ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದವರೆಗೆ ಚಾಚಿ ಅಲ್ಲಿ ಡೋಪಮೈನನ್ನು ಒದಗಿಸುತ್ತವೆ. ಪಾರ್ಕಿನ್ಸನ್ ರೋಗಿಗಳ ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ತೀವ್ರವಾಗಿ ಕುಸಿದಿರುವುದನ್ನು 1960ರಲ್ಲಿ ವಿಯೆನ್ನಾದ ಎರಿಂಗರ್ ಮತ್ತು ಹಾರ್ನಿಕೇವಿಚ್ ತೋರಿಸಿದರು. ಅದೂ ಸತ್ತವರ ಮೆದುಳಿನಲ್ಲಿಯೇ.

ಚಿತ್ರ ಹುಟ್ಟುವ ಬಗೆ

ಬದುಕಿರುವ ಮನುಷ್ಯನ ಮೆದುಳಿನಲ್ಲಿ ಡೋಪಮೈನ್ ವ್ಯವಸ್ಥೆಯನ್ನು ಮೊದಲ ಬಾರಿಗೆ ಚಿತ್ರಿಸಿದವರು ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ನೆಟ್, ಫರ್ನಾವು ಮತ್ತು ನಹ್ಮಿಯಾಸ್. ಅವರ ಸಂಶೋಧನೆ 1983ರಲ್ಲಿ ಪ್ರಕಟವಾಯಿತು. ಈ ಚಿತ್ರವು ಹುಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಏಕೆಂದರೆ ಮುಂದಿನ ತೊಡಕುಗಳ ಬೀಜ ಇಲ್ಲಿಯೇ ಇದೆ.

ಡೋಪ ದ್ರವ್ಯದ ಅಣುವಿಗೆ ಫ್ಲೂರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಸೇರಿಸಿ ರಕ್ತನಾಳಕ್ಕೆ ಕೊಡಲಾಗುತ್ತದೆ. ಇಂತಹ ದ್ರವ್ಯವನ್ನು ಟ್ರೇಸರ್ ಎನ್ನುತ್ತಾರೆ. ಜಾಡು ತೋರುವುದು ಅದರ ಕೆಲಸವಾದ್ದರಿಂದ ಇಲ್ಲಿ ಜಾಡುದ್ರವ್ಯ ಎಂದು ಕರೆಯಬಹುದು. ಅದು ಮೆದುಳನ್ನು ಸೇರಿ, ಡೋಪಮೈನ್ ತಯಾರಿಸುವ ನರತುದಿಗಳೊಳಗೆ ಪ್ರವೇಶಿಸಿ, ಅಲ್ಲಿನ ಕಿಣ್ವದಿಂದ ಪರಿವರ್ತನೆ ಹೊಂದಿ ಶೇಖರಗೊಳ್ಳುತ್ತದೆ. ಫ್ಲೂರಿನ್-18 ಪರಮಾಣು ಕ್ಷಯಿಸುವಾಗ ಪಾಸಿಟ್ರಾನ್ ಎಂಬ ಕಣವನ್ನು ಹೊರಸೂಸುತ್ತದೆ. ಆ ಕಣವು ಪಕ್ಕದ ಎಲೆಕ್ಟ್ರಾನನ್ನು ಸಂಧಿಸಿದೊಡನೆ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಹೊರಡುತ್ತವೆ. ತಲೆಯ ಸುತ್ತ ಬಳೆಯಂತೆ ಜೋಡಿಸಿರುವ ಗ್ರಾಹಕಗಳು ಏಕಕಾಲಕ್ಕೆ ಬಂದ ಜೋಡಿ ಕಿರಣಗಳನ್ನು ಲೆಕ್ಕ ಹಾಕುತ್ತವೆ. ಲಕ್ಷಾಂತರ ಇಂತಹ ಜೋಡಿಗಳಿಂದ ಜಾಡುದ್ರವ್ಯ ಎಲ್ಲಿ ಎಷ್ಟು ಸೇರಿದೆ ಎಂಬುದನ್ನು ಗಣಕವು ಗಣಿಸಿ ತೆಗೆಯುತ್ತದೆ. ಇದೇ ಪಾಸಿಟ್ರಾನ್ ಎಮಿಷನ್ ಟೊಮೊಗ್ರಫಿ, ಸಂಕ್ಷಿಪ್ತವಾಗಿ ಪೆಟ್. ಪತ್ರಿಕೆಗಳಲ್ಲಿ ಅಚ್ಚಾಗುವ ಇಂತಹ ಚಿತ್ರಗಳ ಕೆಂಪು, ಹಳದಿ, ನೀಲಿ ಬಣ್ಣಗಳು ಮೆದುಳಿಗೆ ಸೇರಿದವಲ್ಲ. ಸಂಖ್ಯೆಗಳಿಗೆ ಸಂಶೋಧಕರು ಕೊಟ್ಟ ವೇಷ ಅವು.

ಫ್ಲೂರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಯಂತ್ರವು ಆಸ್ಪತ್ರೆಗೆ ಸಮೀಪದಲ್ಲಿರಬೇಕು. ಈ ಕಾರಣದಿಂದ ವ್ಯಾಪಕವಾಗಿ ಬಳಕೆಗೆ ಬಂದದ್ದು ಸ್ಪೆಕ್ಟ್ ಎಂಬ ಇನ್ನೊಂದು ವಿಧಾನ. ಡೋಪಮೈನ್ ನರತುದಿಗಳ ಮೇಲೆ, ಬಿಡುಗಡೆಯಾದ ಡೋಪಮೈನನ್ನು ಮರಳಿ ಒಳಗೆಳೆದುಕೊಳ್ಳುವ ಸಾಗಣೆ ಪ್ರೋಟೀನುಗಳಿರುತ್ತವೆ. ಅವುಗಳಿಗೆ ಅಂಟಿಕೊಳ್ಳುವ, ಅಯೋಡಿನ್-123ರಿಂದ ಗುರುತುಗೊಂಡ ಅಯೊಫ್ಲುಪೇನ್ ಎಂಬ ದ್ರವ್ಯಕ್ಕೆ ಯುರೋಪಿನಲ್ಲಿ 2000ದಲ್ಲಿಯೂ ಅಮೆರಿಕದಲ್ಲಿ 2011ರಲ್ಲಿಯೂ ಅನುಮತಿ ದೊರೆಯಿತು. ಭಾರತದಲ್ಲಿ ಟೆಕ್ನೀಷಿಯಮ್-99ಎಂ ಬಳಸುವ ಟ್ರೊಡಾಟ್ ಎಂಬ ಅಗ್ಗದ ಜಾಡುದ್ರವ್ಯವು ಹಲವು ಕೇಂದ್ರಗಳಲ್ಲಿ ಬಳಕೆಯಲ್ಲಿದೆ.

ಸ್ಪೆಕ್ಟ್ ಚಿತ್ರವನ್ನು ವೈದ್ಯರು ವರ್ಣಿಸುವ ಭಾಷೆಯು ಕನ್ನಡ ಅಧ್ಯಾಪಕರಿಗೆ ಸ್ವಾರಸ್ಯಕರವಾಗಿ ತೋರಬಹುದು. ಆರೋಗ್ಯವಂತರಲ್ಲಿ ಸ್ಟ್ರಯೇಟಮ್ ಎಡಬಲಗಳಲ್ಲಿ ಎರಡು ಅಲ್ಪವಿರಾಮ ಚಿಹ್ನೆಗಳಂತೆ ಕಾಣುತ್ತದೆ. ತಲೆಯ ಭಾಗ ಕಾಡೇಟ್, ಬಾಲದ ಭಾಗ ಪುಟಮೆನ್. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೊದಲು ಮಂಕಾಗುವುದು ಪುಟಮೆನ್‌ನ ಹಿಂಬದಿ. ಅದೂ ಸಾಮಾನ್ಯವಾಗಿ ನಡುಕವಿರುವ ಕೈಗೆ ಎದುರು ಪಾರ್ಶ್ವದಲ್ಲಿ ಹೆಚ್ಚು. ಬಾಲ ಕಳೆದುಕೊಂಡ ಅಲ್ಪವಿರಾಮವು ಪೂರ್ಣವಿರಾಮವಾಗುತ್ತದೆ. ವರದಿಗಳಲ್ಲಿ ಈ ಎರಡು ಚಿಹ್ನೆಗಳ ಹೆಸರುಗಳೇ ರೂಢಿಯಲ್ಲಿವೆ.

ಇಲ್ಲಿ ಕಾಣುತ್ತಿರುವುದು ನರಕೋಶವಲ್ಲ, ಡೋಪಮೈನೂ ಅಲ್ಲ, ಕಾಯಿಲೆಯಂತೂ ಅಲ್ಲವೇ ಅಲ್ಲ. ಕಾಣುತ್ತಿರುವುದು ಹೊರಗಿನಿಂದ ಸೇರಿಸಿದ ಒಂದು ದ್ರವ್ಯದ ಹಂಚಿಕೆ. ಹಂಚಿಕೆಯಿಂದ ಸಾಗಣೆ ಪ್ರೋಟೀನುಗಳ ಪ್ರಮಾಣವನ್ನು, ಅದರಿಂದ ನರತುದಿಗಳ ಸಂಖ್ಯೆಯನ್ನು, ಅದರಿಂದ ಕಪ್ಪು ದ್ರವ್ಯದ ಕೋಶಗಳ ಅಳಿವನ್ನು, ಅದರಿಂದ ಕಾಯಿಲೆಯನ್ನು ತಿಳಿಯಬೇಕು. ನಾಲ್ಕು ಮೆಟ್ಟಿಲುಗಳ ಅನುಮಾನ ಇದು. ಪ್ರತಿಯೊಂದು ಮೆಟ್ಟಿಲಲ್ಲೂ ವ್ಯಾಪ್ತಿಯನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಗುತ್ತದೆ.

ವ್ಯಾಪ್ತಿ ಮತ್ತು ಉಪಾಧಿ

ಈ ಅನುಮಾನಕ್ಕೆ ಆರಂಭದಲ್ಲಿ ಪ್ರಬಲವಾದ ಸಮರ್ಥನೆ ದೊರೆಯಿತು. 1982ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಮಾದಕವ್ಯಸನಿಗಳು ಇದ್ದಕ್ಕಿದ್ದಂತೆ ಮರಗಟ್ಟಿ, ಮುಂದುವರಿದ ಪಾರ್ಕಿನ್ಸನ್ ರೋಗಿಗಳಂತೆ ಆಸ್ಪತ್ರೆ ಸೇರಿದರು. ಅವರು ಚುಚ್ಚಿಕೊಂಡಿದ್ದ ಕೃತಕ ಮಾದಕದಲ್ಲಿ ಎಂ.ಪಿ.ಟಿ.ಪಿ. ಎಂಬ ಕಲಬೆರಕೆ ಇತ್ತು ಎಂಬುದನ್ನೂ ಅದು ಕಪ್ಪು ದ್ರವ್ಯದ ಕೋಶಗಳನ್ನು ಕೊಲ್ಲುತ್ತದೆ ಎಂಬುದನ್ನೂ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಪತ್ತೆಹಚ್ಚಿದರು. ಅದೇ ಮಾದಕವನ್ನು ಸೇವಿಸಿದ್ದರೂ ಯಾವ ಲಕ್ಷಣವನ್ನೂ ತೋರದಿದ್ದವರು ಕೆಲವರಿದ್ದರು. ಕೆನಡದ ಡೊನಾಲ್ಡ್ ಕಾಲ್ನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪೆಟ್ ಅಧ್ಯಯನದಲ್ಲಿ ಇಂಥವರ ಸ್ಟ್ರಯೇಟಮ್ ಕೂಡ ಮಂಕಾಗಿಯೇ ಕಂಡಿತು. ಕೈ ನಡುಗುವ ಮೊದಲೇ ಮೆದುಳಿನಲ್ಲಿ ನಷ್ಟ ಆಗಿರಬಹುದು, ಆ ನಷ್ಟವನ್ನು ಚಿತ್ರವು ಹಿಡಿಯಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು. ಕಾಯಿಲೆಯ ವೇಗವನ್ನು ಅಳೆಯುವ ಗಜಕಡ್ಡಿ ಸಿಕ್ಕಿತೆಂಬ ಭರವಸೆ ಮೂಡಿದ್ದು ಈ ಹಿನ್ನೆಲೆಯಲ್ಲಿ. ರೋಗವನ್ನು ನಿಧಾನಗೊಳಿಸುವ ಔಷಧಿಯನ್ನು ಹುಡುಕುವವರಿಗೆ ಇದು ದೊಡ್ಡ ವಿಷಯ. ರೋಗಿಯ ಸ್ಥಿತಿಯು ದಿನದಿಂದ ದಿನಕ್ಕೆ, ಮದ್ದಿನ ಹೊತ್ತಿನಿಂದ ಹೊತ್ತಿಗೆ ಏರಿಳಿಯುತ್ತದೆ. ಚಿತ್ರವಾದರೋ ಸ್ಥಿರವಾಗಿರುತ್ತದೆ ಎಂದು ಭಾವಿಸಲಾಗಿತ್ತು.

2002ರಿಂದ 2004ರ ನಡುವೆ ಈ ಭರವಸೆ ಅಲುಗಾಡಿತು. ಕಾಲ್ಮ್-ಪಿಡಿ ಎಂಬ ಪ್ರಯೋಗದಲ್ಲಿ 82 ರೋಗಿಗಳನ್ನು 46 ತಿಂಗಳ ಕಾಲ ಚಿತ್ರಣಕ್ಕೆ ಒಳಪಡಿಸಲಾಯಿತು. ಲೆವೊಡೋಪದಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ಜಾಡುದ್ರವ್ಯದ ಗ್ರಹಣವು 25.5 ಪ್ರತಿಶತ ಕುಸಿದರೆ, ಪ್ರಾಮಿಪೆಕ್ಸೋಲ್ ಪಡೆದವರಲ್ಲಿ 16 ಪ್ರತಿಶತ ಮಾತ್ರ ಕುಸಿಯಿತು. ಮರುವರ್ಷ ಪ್ರಕಟವಾದ ರಿಯಲ್-ಪೆಟ್ ಪ್ರಯೋಗದಲ್ಲಿ 186 ರೋಗಿಗಳಿದ್ದರು. ಎರಡು ವರ್ಷಗಳಲ್ಲಿ ಪುಟಮೆನ್‌ನ ಕುಸಿತವು ಲೆವೊಡೋಪ ಗುಂಪಿನಲ್ಲಿ 20.3 ಪ್ರತಿಶತ, ರೋಪಿನಿರೋಲ್ ಗುಂಪಿನಲ್ಲಿ 13.4 ಪ್ರತಿಶತ. ಚಿತ್ರವನ್ನು ನಂಬಿದರೆ ಲೆವೊಡೋಪ ಹಾನಿಕರ. ಆದರೆ ಎರಡೂ ಪ್ರಯೋಗಗಳಲ್ಲಿ ಚಲನೆಯ ದೃಷ್ಟಿಯಿಂದ ಹೆಚ್ಚು ಸುಧಾರಿಸಿದ್ದವರು ಲೆವೊಡೋಪ ಪಡೆದವರೇ. 1960ರ ದಶಕದಿಂದ ಬಳಕೆಯಲ್ಲಿರುವ, ಈ ಕಾಯಿಲೆಯ ಪ್ರಧಾನ ಔಷಧಿಯಾದ ಲೆವೊಡೋಪದ ಬಗ್ಗೆ ರೋಗಿಗಳಲ್ಲಿಯೂ ವೈದ್ಯರಲ್ಲಿಯೂ ಭೀತಿ ಬೆಳೆಯಲು ಇಂತಹ ಫಲಿತಾಂಶಗಳು ಕಾರಣವಾದವು. ಅದನ್ನು ಆದಷ್ಟು ತಡವಾಗಿ ಆರಂಭಿಸಬೇಕೆಂಬ ಅಭಿಪ್ರಾಯಕ್ಕೆ ಬಲ ಬಂತು. ಬಿಂಬವೊಂದನ್ನು ಓದಿದ ಬಗೆಯು ಅಸಂಖ್ಯ ಜನರ ದಿನನಿತ್ಯದ ನಡಿಗೆಯ ಮೇಲೆ, ಊಟದ ತುತ್ತಿನ ಮೇಲೆ ಪರಿಣಾಮ ಬೀರುವಂತಾದದ್ದು ಹೀಗೆ.

2004ರಲ್ಲಿ ಪ್ರಕಟವಾದ ಎಲ್‌ಡೋಪ ಪ್ರಯೋಗವು ಈ ವಿರೋಧಾಭಾಸವನ್ನು ಇನ್ನಷ್ಟು ಚೂಪಾಗಿಸಿತು. 361 ರೋಗಿಗಳನ್ನು ನಾಲ್ಕು ಗುಂಪು ಮಾಡಿ, ದಿನಕ್ಕೆ 150, 300 ಅಥವಾ 600 ಮಿಲಿಗ್ರಾಂ ಲೆವೊಡೋಪವನ್ನು, ಒಂದು ಗುಂಪಿಗೆ ಹುಸಿಮದ್ದನ್ನು 40 ವಾರ ಕೊಡಲಾಯಿತು. ಬಳಿಕ ಎರಡು ವಾರ ಮದ್ದನ್ನು ನಿಲ್ಲಿಸಿ ಪರೀಕ್ಷಿಸಿದಾಗಲೂ ಲೆವೊಡೋಪ ಪಡೆದವರು ಹುಸಿಮದ್ದಿನವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದರು. 116 ಜನರ ಚಿತ್ರಣಗಳು ಹೇಳಿದ್ದು ಇದಕ್ಕೆ ವಿರುದ್ಧ. ಹುಸಿಮದ್ದಿನವರಲ್ಲಿ ಕುಸಿತ 1.4 ಪ್ರತಿಶತ, ಲೆವೊಡೋಪ ಗುಂಪುಗಳಲ್ಲಿ 4ರಿಂದ 6 ಪ್ರತಿಶತ.

ನೈಯಾಯಿಕರು ಇಂತಹ ಸನ್ನಿವೇಶವನ್ನು ಚೆನ್ನಾಗಿ ಬಲ್ಲರು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆ ಎಂಬುದು ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನುವಂತಿಲ್ಲ. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಒದ್ದೆ ಕಟ್ಟಿಗೆಯ ಸಂಯೋಗವಿದ್ದಾಗ ಮಾತ್ರ ಬೆಂಕಿಯಿಂದ ಹೊಗೆ ಏಳುತ್ತದೆ. ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟ ಈ ಷರತ್ತಿಗೆ ಉಪಾಧಿ ಎಂದು ಹೆಸರು. ಉಪಾಧಿ ಇರುವ ಕಡೆ ವ್ಯಾಪ್ತಿ ಸಿದ್ಧಿಸುವುದಿಲ್ಲ. ಚಿತ್ರಣ ಪ್ರಯೋಗಗಳಲ್ಲಿ ಮರೆತುಹೋದ ಒದ್ದೆ ಕಟ್ಟಿಗೆ ಯಾವುದು? ಮದ್ದೇ ಆಗಿರಬಹುದು. ಹೊರಗಿನಿಂದ ಡೋಪಮೈನ್ ಪೂರೈಕೆಯಾದಾಗ ನರತುದಿಯು ತನ್ನ ಸಾಗಣೆ ಪ್ರೋಟೀನುಗಳ ಸಂಖ್ಯೆಯನ್ನು ಹೊಂದಿಸಿಕೊಂಡಿರಬಹುದು. ಆಗ ಕೋಶಗಳು ಸಾಯದೆಯೇ ಚಿತ್ರ ಮಂಕಾಗುತ್ತದೆ. ಲೆವೊಡೋಪವು ನಿಜವಾಗಿಯೂ ವಿಷಕಾರಿಯೇ ಎಂಬ ಪ್ರಶ್ನೆಗೆ ನೆದರ್‌ಲ್ಯಾಂಡ್ಸಿನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಲೀಪ್ ಪ್ರಯೋಗವು ರೋಗಿಗಳ ಸ್ಥಿತಿಯನ್ನೇ ಅಳೆದು ಉತ್ತರಿಸಿತು. 445 ಜನರಲ್ಲಿ ಕೆಲವರಿಗೆ ಮೊದಲಿನಿಂದಲೇ, ಉಳಿದವರಿಗೆ 40 ವಾರ ತಡವಾಗಿ ಲೆವೊಡೋಪ ಕೊಡಲಾಯಿತು. 80 ವಾರಗಳ ಕೊನೆಯಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇಗ ಆರಂಭಿಸಿದ್ದರಿಂದ ಕಾಯಿಲೆ ನಿಧಾನವಾಗಲೂ ಇಲ್ಲ, ಹಾನಿಯೂ ಆಗಲಿಲ್ಲ. ಚಿತ್ರ ಹುಟ್ಟಿಸಿದ ಭೀತಿಗೆ ಉತ್ತರ ಸಿಗಲು ಹದಿನೈದು ವರ್ಷಗಳಾದವು.

ಇದರ ತಿರುಗುಮುರುಗು ಉದಾಹರಣೆಯೂ ಉಂಟು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಿ.ಡಿ.ಎನ್.ಎಫ್. ಎಂಬ ನರಪೋಷಕ ಪ್ರೋಟೀನನ್ನು ತಲೆಬುರುಡೆಯಲ್ಲಿ ಅಳವಡಿಸಿದ ಸಾಧನದ ಮೂಲಕ ನೇರವಾಗಿ ಪುಟಮೆನ್‌ಗೆ ಹರಿಸಲಾಯಿತು. 2019ರ ವರದಿಯಂತೆ, ಮದ್ದು ಪಡೆದವರ ಪುಟಮೆನ್‌ನ ಹಿಂಬದಿಯಲ್ಲಿ ಜಾಡುದ್ರವ್ಯದ ಗ್ರಹಣವು 100 ಪ್ರತಿಶತದಷ್ಟು ಏರಿತು. ಹುಸಿಮದ್ದಿನವರಲ್ಲಿ ಬದಲಾವಣೆ ಇರಲಿಲ್ಲ. ಚಿತ್ರದ ಮಟ್ಟಿಗೆ ಇದು ಅಪೂರ್ವ ಯಶಸ್ಸು. ಆದರೆ ರೋಗಿಗಳ ಚಲನೆಯಲ್ಲಿ ಎರಡು ಗುಂಪುಗಳ ನಡುವೆ ನಿರೀಕ್ಷಿತ ವ್ಯತ್ಯಾಸ ದೊರೆಯಲಿಲ್ಲ. ನರತುದಿಗಳು ಚೇತರಿಸಿಕೊಂಡರೂ ಅದು ನಡಿಗೆಯಾಗಿ ಪರಿಣಮಿಸಲು 40 ವಾರಗಳು ಸಾಲವೆಂದು ಕೆಲವರ ವಾದ. ವಾದ ನಿಜವಿರಬಹುದು. ಪುಟಮೆನ್ ಬೆಳಗಿದ ಮಾತ್ರಕ್ಕೆ ಕೈ ಹಿಡಿತಕ್ಕೆ ಬರುತ್ತದೆ ಎಂಬ ವ್ಯಾಪ್ತಿ ಮಾತ್ರ ಆ ಪ್ರಯೋಗದಿಂದ ಸಿದ್ಧವಾಗಲಿಲ್ಲ.

ಮೇಲಿನ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ನುರಿತ ತಜ್ಞರು ಪಾರ್ಕಿನ್ಸನ್ ಎಂದು ನಿರ್ಣಯಿಸಿ ಸೇರಿಸಿಕೊಂಡವರಲ್ಲಿ ಕೆಲವರ ಚಿತ್ರಗಳು ಪೂರ್ತಿ ಸಹಜವಾಗಿದ್ದವು. ಎಲ್‌ಡೋಪದಲ್ಲಿ ಅಂತಹ 19 ಜನರನ್ನು ಚಿತ್ರಣದ ಲೆಕ್ಕಾಚಾರದಿಂದ ಹೊರಗಿಡಲಾಯಿತು. ಇವರ ಪೈಕಿ ಹಲವರಿಗೆ ಬೇರೆ ಬಗೆಯ ನಡುಕವಿತ್ತೆಂದು ಮುಂದಿನ ಅಧ್ಯಯನಗಳು ಸೂಚಿಸಿದವು. ಇಲ್ಲಿ ತಪ್ಪಿದ್ದು ವೈದ್ಯರ ಕಣ್ಣು, ಸರಿಯಿದ್ದದ್ದು ಚಿತ್ರ. ಚಿತ್ರಣದ ಮೇಲೆ ಅವಿಶ್ವಾಸವನ್ನು ಸಾರಾಸಗಟಾಗಿ ಹೊರಿಸುವವರು ಈ ಉದಾಹರಣೆಯನ್ನು ಮರೆಯುವಂತಿಲ್ಲ. ಅದೇ ವೇಳೆ, ಪೂರ್ಣವಿರಾಮದ ಆಕಾರ ಕಂಡ ಮಾತ್ರಕ್ಕೆ ಅದು ಪಾರ್ಕಿನ್ಸನ್ ಎಂದೂ ಹೇಳಲಾಗದು. ಬಹುವ್ಯೂಹ ಕ್ಷಯ, ಪ್ರಗತಿಶೀಲ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ಬೇರೆ ಕಾಯಿಲೆಗಳಲ್ಲೂ ಡೋಪಮೈನ್ ನರತುದಿಗಳು ನಶಿಸುತ್ತವೆ. ಅವುಗಳನ್ನು ಪ್ರತ್ಯೇಕಿಸಲು ನಡುಮೆದುಳಿನ ಆಕಾರವನ್ನು ತೋರುವ ಎಂ.ಆರ್.ಐ. ಅಥವಾ ಗ್ಲೂಕೋಸ್ ಬಳಕೆಯನ್ನು ತೋರುವ ಪೆಟ್ ಹೆಚ್ಚು ಉಪಯುಕ್ತ.

ಭರವಸೆಯೂ ಒಂದು ದ್ರವ್ಯ

ಚಿತ್ರಣವು ಅನ್ಯಥಾ ತಿಳಿಯಲಾಗದ ಸಂಗತಿಯನ್ನು ತಿಳಿಸಿದ ಪ್ರಸಂಗವೊಂದನ್ನು ಇಲ್ಲಿ ಉಲ್ಲೇಖಿಸಬೇಕು. ಪಾರ್ಕಿನ್ಸನ್ ರೋಗಿಗಳಲ್ಲಿ ಹುಸಿಮದ್ದಿನ ಪರಿಣಾಮ ಬಲವಾಗಿರುವುದು ಮೊದಲಿನಿಂದ ಗೊತ್ತಿತ್ತು. ಅದು ಕೇವಲ ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವುದು ವಾಡಿಕೆ. ವ್ಯಾಂಕೂವರ್‌ನ ಸಂಶೋಧಕರು 2001ರಲ್ಲಿ ಇದನ್ನು ಪೆಟ್‌ನಿಂದ ಪರೀಕ್ಷಿಸಿದರು. ಡೋಪಮೈನ್ ಗ್ರಾಹಿಗಳಿಗೆ ಅಂಟುವ ರಾಕ್ಲೊಪ್ರೈಡ್ ಎಂಬ ಜಾಡುದ್ರವ್ಯವು, ಮೆದುಳು ತನ್ನದೇ ಡೋಪಮೈನನ್ನು ಬಿಡುಗಡೆ ಮಾಡಿದಾಗ ಜಾಗ ಬಿಟ್ಟುಕೊಡಬೇಕಾಗುತ್ತದೆ. ಮದ್ದನ್ನು ನಿರೀಕ್ಷಿಸುತ್ತಿದ್ದ ರೋಗಿಗಳಿಗೆ ಬರಿಯ ಉಪ್ಪುನೀರನ್ನು ಚುಚ್ಚಿದಾಗ ರಾಕ್ಲೊಪ್ರೈಡ್ ಜಾಗ ಬಿಟ್ಟಿತು. ಮದ್ದು ಸಿಕ್ಕಿತೆಂಬ ನಿರೀಕ್ಷೆಯೇ ಕಾಯಿಲೆಯಿಂದ ಬಡವಾದ ಮೆದುಳಿನಲ್ಲಿಯೂ ಡೋಪಮೈನನ್ನು ಹೊರಡಿಸಿತ್ತು. ಬ್ರಿಸ್ಟಲ್ಲಿನಂತಹ ಪ್ರಯೋಗಗಳಲ್ಲಿ ಹುಸಿಮದ್ದಿನ ಗುಂಪು ಸುಧಾರಿಸುವುದನ್ನು ಗ್ರಹಿಸಲು ಇದು ಅಗತ್ಯವಾದ ತಿಳಿವಳಿಕೆ.

ಯಾರ ಮೆದುಳು ಪ್ರಮಾಣ?

ಎಂ.ಆರ್.ಐ. ವಿಕಿರಣಶೀಲ ದ್ರವ್ಯವನ್ನು ಬೇಡುವುದಿಲ್ಲ. ಪಾರ್ಕಿನ್ಸನ್ ವಿಷಯದಲ್ಲಿ ಅದು ಬಹುಕಾಲ ಮೂಕವಾಗಿತ್ತು. ಜಪಾನಿನ ಸಸಾಕಿ ಮತ್ತು ಸಂಗಡಿಗರು 2006ರಲ್ಲಿ, 3 ಟೆಸ್ಲಾ ಬಲದ ಯಂತ್ರದಲ್ಲಿ ಕಬ್ಬಿಣದೊಡನೆ ಬೆರೆತ ನ್ಯೂರೊಮೆಲನಿನ್ ಬೆಳ್ಳಗೆ ಹೊಳೆಯುವಂತೆ ಮಾಡುವ ವಿಧಾನವನ್ನು ತೋರಿಸಿದರು. ಕಪ್ಪು ದ್ರವ್ಯವು ಚಿತ್ರದಲ್ಲಿ ಬಿಳಿಯ ಪಟ್ಟಿಯಾಗಿ ಕಾಣುತ್ತದೆ. ಪಾರ್ಕಿನ್ಸನ್ ರೋಗಿಗಳಲ್ಲಿ ಆ ಹೊಳಪು ಕುಗ್ಗಿರುತ್ತದೆ. ಟ್ರೆಟಿಯಾಕಾಫ್ ಸತ್ತವರಲ್ಲಿ ಕಂಡ ಬಿಳಿಚಿಕೆಯು ಬದುಕಿರುವವರಲ್ಲಿ ತಲೆಕೆಳಗಾದ ಬಣ್ಣದಲ್ಲಿ ಕಂಡಂತಾಯಿತು. 2014ರಲ್ಲಿ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಇದೇ ಭಾಗದ ಇನ್ನೊಂದು ಗುರುತನ್ನು ವಿವರಿಸಿದರು. ಆರೋಗ್ಯವಂತರಲ್ಲಿ ಕಪ್ಪು ದ್ರವ್ಯದ ಹಿಂಬದಿಯು ಅಂಬರಗುಬ್ಬಿಯ ಕವಲು ಬಾಲದಂತೆ ಕಾಣುತ್ತದೆ, ರೋಗಿಗಳಲ್ಲಿ ಆ ಕವಲು ಅಳಿಸಿಹೋಗಿರುತ್ತದೆ.

ಹೊಳಪು ಕುಗ್ಗಿದೆ ಎನ್ನಬೇಕಾದರೆ ಸಹಜವಾದ ಹೊಳಪು ಎಷ್ಟೆಂದು ತಿಳಿದಿರಬೇಕು. ಕರ್ನಾಟಕದಲ್ಲಿ ನಡೆದ ಸಂಶೋಧನೆಯು ಮಹತ್ತ್ವದ್ದಾಗುವುದು ಈ ಪ್ರಶ್ನೆಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮುಥಾನೆ, ಯಶಾ ಮತ್ತು ಶಂಕರ್ ಅವರು ಭಾರತೀಯರ ಸಹಜ ಮೆದುಳುಗಳಲ್ಲಿ ಕಪ್ಪು ದ್ರವ್ಯದ ವರ್ಣಕಯುಕ್ತ ಕೋಶಗಳನ್ನು ಎಣಿಸಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬ್ರಿಟನ್ನಿನ ಮೆದುಳುಗಳಿಗೆ ಹೋಲಿಸಿದರೆ ಭಾರತೀಯರಲ್ಲಿ ಈ ಕೋಶಗಳ ಸಂಖ್ಯೆ ಸುಮಾರು 40 ಪ್ರತಿಶತ ಕಡಿಮೆಯಿತ್ತು. ಪಾಶ್ಚಾತ್ಯ ಅಧ್ಯಯನಗಳಲ್ಲಿ ವಯಸ್ಸಿನೊಡನೆ ಕೋಶಗಳು ಕಡಿಮೆಯಾಗುತ್ತ ಹೋಗುವುದು ಕಂಡಿದ್ದರೆ, ಇಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ವಯಸ್ಸಿಗೆ ಸಂಬಂಧಿಸಿದ ಈ ನಿಷ್ಕರ್ಷೆಯನ್ನು ಅದೇ ಸಂಸ್ಥೆಯ ಅಳ್ಳಾಡಿ ಮತ್ತು ಸಂಗಡಿಗರ 2009ರ ಅಧ್ಯಯನವು ಬೆಂಬಲಿಸಿತು. ಭಾರತದಲ್ಲಿ ಪಾರ್ಕಿನ್ಸನ್ ಕಾಯಿಲೆಯ ಪ್ರಮಾಣವು ಯುರೋಪಿಗಿಂತ ಕಡಿಮೆಯೆಂಬ ವರದಿಗಳ ಹಿನ್ನೆಲೆಯಲ್ಲಿ ಇದನ್ನು ನೋಡಿದರೆ ಸೋಜಿಗ ಹೆಚ್ಚುತ್ತದೆ: ಕೋಶಗಳು ಕಡಿಮೆ, ಕಾಯಿಲೆಯೂ ಕಡಿಮೆ.

ಈ ಎಣಿಕೆಯನ್ನು ನಡೆಸಿದವರು ಚಿತ್ರಣವನ್ನು ಉದ್ದೇಶಿಸಿರಲಿಲ್ಲ. ನ್ಯೂರೊಮೆಲನಿನ್ ಚಿತ್ರಣ ಆಗ ಇನ್ನೂ ಹುಟ್ಟಿರಲಿಲ್ಲ. ಆದರೂ ಎಣಿಕೆಯ ಫಲಿತಾರ್ಥವು ಚಿತ್ರಣಕ್ಕೆ ನೇರವಾಗಿ ತಟ್ಟುತ್ತದೆ. ಯುರೋಪಿನ ಅಥವಾ ಜಪಾನಿನ ಸಹಜಮಾನವನ್ನು ಅಳತೆಗೋಲಾಗಿಟ್ಟುಕೊಂಡು ಧಾರವಾಡದ ಅಥವಾ ಮಂಡ್ಯದ ವ್ಯಕ್ತಿಯ ಕಪ್ಪು ದ್ರವ್ಯದ ಹೊಳಪನ್ನು ಓದಿದರೆ, ಕಾಯಿಲೆ ಇಲ್ಲದಲ್ಲಿಯೂ ಕಾಯಿಲೆ ಕಂಡೀತು. ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗಳಿಗೆ ಈ ಎಚ್ಚರ ಹೊಸದಲ್ಲ. ಒಂದು ಪ್ರಾಂತದ ಲಿಪಿಕಾರರ ರೂಢಿಯನ್ನು ತಿಳಿಯದೆ ಇನ್ನೊಂದು ಪ್ರಾಂತದ ಓಲೆಯಲ್ಲಿ ಸ್ಖಾಲಿತ್ಯಗಳನ್ನು ಪಟ್ಟಿಮಾಡಿದರೆ ಆಗುವ ಪ್ರಮಾದ ಇಂಥದೇ. ನಿಮ್ಹಾನ್ಸ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ನ್ಯೂರೊಮೆಲನಿನ್ ಎಂ.ಆರ್.ಐ. ಅಧ್ಯಯನದಂತಹ ಕೆಲಸಗಳು, ಇಲ್ಲಿಯ ರೋಗಿಗಳನ್ನು ಇಲ್ಲಿಯ ಆರೋಗ್ಯವಂತರೊಡನೆ ಹೋಲಿಸುವುದರಿಂದ, ಸಂಖ್ಯೆಯಲ್ಲಿ ಚಿಕ್ಕವಾದರೂ ಮೌಲಿಕವಾದವು.

ಲಕ್ಷಣವಿಲ್ಲದ ಕಾಯಿಲೆ

ಇಲ್ಲಿಯವರೆಗೆ ಹೇಳಿದ ಚಿತ್ರಣಗಳೆಲ್ಲವೂ ನಷ್ಟದ ಚಿತ್ರಣಗಳು. ನಷ್ಟಕ್ಕೆ ಕಾರಣವೆಂದು ಶಂಕಿಸಲಾದ ಆಲ್ಫಾ-ಸಿನುಕ್ಲೀನ್ ಎಂಬ ಪ್ರೋಟೀನು ಕೋಶಗಳಲ್ಲಿ ಗಂಟುಗಟ್ಟುವುದು 1997ರಿಂದ ತಿಳಿದಿದೆ. ಆ ಗಂಟುಗಳನ್ನೇ ಬದುಕಿರುವವರಲ್ಲಿ ಕಾಣುವ ಯತ್ನ ನಡೆದಿದ್ದು, ಬಹುವ್ಯೂಹ ಕ್ಷಯದ ರೋಗಿಗಳಲ್ಲಿ ಅದು ಸಾಧ್ಯವೆಂದು ಸ್ವೀಡನ್ನಿನ ಸಂಶೋಧಕರು 2023ರಲ್ಲಿ ತೋರಿಸಿದರು. ಅದೇ ಜಾಡುದ್ರವ್ಯವು ಪಾರ್ಕಿನ್ಸನ್ ರೋಗಿಗಳಲ್ಲಿ ಸ್ಪಷ್ಟವಾದ ಗುರುತನ್ನು ಕೊಡಲಿಲ್ಲ. ಆದರೆ ಬೆನ್ನುಹುರಿಯ ದ್ರವದಲ್ಲಿ ಈ ಪ್ರೋಟೀನಿನ ವಿಕೃತ ರೂಪವನ್ನು ಪತ್ತೆಹಚ್ಚುವ ಪರೀಕ್ಷೆಯು 1,123 ಜನರ ಮೇಲೆ ನಡೆದು ಅದೇ ವರ್ಷ ಪ್ರಕಟವಾಯಿತು. ಪಾರ್ಕಿನ್ಸನ್ ರೋಗಿಗಳ ಪೈಕಿ ಸುಮಾರು 88 ಪ್ರತಿಶತ ಜನರಲ್ಲಿ ಅದು ಸಕಾರಾತ್ಮಕವಾಗಿತ್ತು.

ಇವುಗಳ ಬೆನ್ನಲ್ಲೇ 2024ರಲ್ಲಿ ಎರಡು ಸಂಶೋಧಕ ಬಳಗಗಳು ಪ್ರತ್ಯೇಕವಾಗಿ ಕಾಯಿಲೆಯ ಹೊಸ ವ್ಯಾಖ್ಯೆಗಳನ್ನು ಮುಂದಿಟ್ಟವು. ಎರಡರಲ್ಲೂ ನಡುಕ, ನಿಧಾನಗತಿಗಳು ವ್ಯಾಖ್ಯೆಯ ಕೇಂದ್ರದಿಂದ ಸರಿದು, ವಿಕೃತ ಪ್ರೋಟೀನಿನ ಇರವು ಆ ಜಾಗಕ್ಕೆ ಬಂದಿದೆ. ಚಿತ್ರಣದಲ್ಲಿ ಕಾಣುವ ನಷ್ಟವೂ ಗಣನೆಗೆ ಸೇರಿದೆ. ಒಂದು ಬಳಗದ ಪದ್ಧತಿಯಂತೆ, ಯಾವ ಲಕ್ಷಣವೂ ಇಲ್ಲದ ವ್ಯಕ್ತಿಯನ್ನು ಕೂಡ ಜೈವಿಕ ಸೂಚಕಗಳ ಆಧಾರದಿಂದ ಕಾಯಿಲೆಯ ಆರಂಭದ ಹಂತದಲ್ಲಿ ಇರಿಸಬಹುದು. ಬೀದಿಯಲ್ಲಿ ಮನುಷ್ಯನ ನಡಿಗೆಯನ್ನು ಕಂಡು ಹುಟ್ಟಿದ ಕಾಯಿಲೆಯ ಹೆಸರು, ಎಂದಿನಂತೆ ನಡೆಯುತ್ತಿರುವವನಿಗೂ ಸಲ್ಲುವಂತಾಗಿದೆ. ಪ್ರಸ್ತಾವವನ್ನು ಮಾಡಿದವರು ಇದು ಸಂಶೋಧನೆಗಷ್ಟೇ ಸೀಮಿತ, ಚಿಕಿತ್ಸಾಲಯದ ಬಳಕೆಗಲ್ಲ ಎಂದು ಎಚ್ಚರಿಸಿದ್ದಾರೆ. ವಿರೋಧಿಸುವವರಲ್ಲಿ ಹಲವರು ಹಿರಿಯ ನರತಜ್ಞರೇ.

ಈ ವಿವಾದದ ಭಾರವು ಈಗ ಬೀಳುತ್ತಿರುವುದು ಒಂದು ನಿರ್ದಿಷ್ಟ ಗುಂಪಿನ ಮೇಲೆ. ಕನಸು ಕಾಣುವಾಗ ಸಡಿಲವಾಗಿ ಮಲಗಿರಬೇಕಾದ ದೇಹವು ಕೆಲವರಲ್ಲಿ ಕನಸಿನಂತೆಯೇ ಕೈಕಾಲು ಬೀಸುತ್ತದೆ, ಕೂಗುತ್ತದೆ. ಇಂತಹ ನಿದ್ರಾವಿಕಾರವುಳ್ಳ 1,280 ಜನರನ್ನು ಹಲವು ದೇಶಗಳಲ್ಲಿ ಗಮನಿಸಿದ 2019ರ ಅಧ್ಯಯನದ ಲೆಕ್ಕದಂತೆ, 12 ವರ್ಷಗಳೊಳಗೆ 73.5 ಪ್ರತಿಶತ ಜನರಲ್ಲಿ ಪಾರ್ಕಿನ್ಸನ್ ಅಥವಾ ಅದಕ್ಕೆ ಸಂಬಂಧಿಸಿದ ಕಾಯಿಲೆ ಹೊರಪಡುತ್ತದೆ. ಇವರಲ್ಲಿ ಹಲವರ ಸ್ಪೆಕ್ಟ್ ಚಿತ್ರಗಳಲ್ಲಿ ಅಲ್ಪವಿರಾಮದ ಬಾಲ ಆಗಲೇ ಮಂಕಾಗಿರುತ್ತದೆ. ಕಾಯಿಲೆಯ ಓಟವನ್ನು ತಡೆಯುತ್ತದೆಂದು ಸಿದ್ಧವಾಗಿರುವ ಔಷಧಿ ಇನ್ನೂ ಒಂದೂ ಇಲ್ಲ. ಅಂತಹ ಒಬ್ಬ ವ್ಯಕ್ತಿ ತನ್ನ ಚಿತ್ರವನ್ನು ಹಿಡಿದು ವೈದ್ಯರ ಎದುರು ಕುಳಿತಾಗ ಅದನ್ನು ಕಾಯಿಲೆಯೆಂದು ಓದಿ ಹೇಳಬೇಕೇ, ಕಾಯಿಲೆ ಬರಬಹುದೆಂದು ಹೇಳಬೇಕೇ, ಆತ ಕೇಳುವವರೆಗೆ ಹೇಳದೆ ಇರಬೇಕೇ ಎಂಬುದು ನಿದ್ರಾತಜ್ಞರ ಮತ್ತು ನರತಜ್ಞರ ನಡುವೆ ಇತ್ಯರ್ಥವಾಗದೆ ಉಳಿದಿದೆ.